ನದಿಗೆ ಎಷ್ಟು ಗಂಟೆಗೆ ಇಳಿಯಬೇಕು?

ಪ್ರಶ್ನೆ: ನಾವು ಹನ್ನೆರಡು ಮಂದಿ ಸಹೋದ್ಯೋಗಿಗಳು. ಜನವರಿಯ ಒಂದು ಭಾನುವಾರ ಉಡುಪಿ ಹತ್ತಿರದ ಕಲ್ಯಾಣಪುರ ಸೇತುವೆಯ ಬಳಿ ಕಯಾಕ್ ಇಳಿಸಿ, ಸ್ವರ್ಣಾ ನದಿಯಲ್ಲಿ ಕೋಡಿ ಬೆಂಗ್ರೆಯ ಕಡೆಗೆ ಹೋಗಬೇಕೆಂದಿದ್ದೇವೆ. ನಾಲ್ವರಿಗೆ ಈಜು ಬಾರದು. ಎಷ್ಟು ಗಂಟೆಗೆ ಹೊರಟರೆ ಒಳ್ಳೆಯದು?

ನೀವು ಗಂಟೆ ಕೇಳಿದಿರಿ. ನಾನು ಮೊದಲು ಕೇಳುವುದು, ಭಾನುವಾರವನ್ನೇ ಬದಲಿಸಬಹುದೇ ಎಂದು.

ಘಟ್ಟದ ಮೇಲಿನವರಿಗೆ ನದಿಯೆಂದರೆ ಒಂದೇ ದಿಕ್ಕಿಗೆ ಹರಿಯುವ ನೀರು. ಕಲ್ಯಾಣಪುರದಿಂದ ಕೆಳಗೆ ಸ್ವರ್ಣೆ ಹಾಗಲ್ಲ. ದಿನಕ್ಕೆ ಎರಡು ಸಲ ಸಮುದ್ರ ಒಳಗೆ ಬರುತ್ತದೆ, ಎರಡು ಸಲ ಹಿಂದೆ ಸರಿಯುತ್ತದೆ. ಜನವರಿಯಲ್ಲಂತೂ ಮೇಲಿನಿಂದ ಬರುವ ನೀರು ಕಡಿಮೆ. ಉಪ್ಪುನೀರು ಏರದಂತೆ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕಿರುತ್ತಾರೆ. ಹಾಗಾಗಿ ನಿಮ್ಮ ದೋಣಿಯನ್ನು ಒಯ್ಯುವುದು ನದಿಯಲ್ಲ, ಇಳಿತ.

ಉಬ್ಬರಕ್ಕೂ ಇಳಿತಕ್ಕೂ ನಡುವೆ ಸುಮಾರು ಆರೂಕಾಲು ಗಂಟೆ. ಉಬ್ಬರದ ಹೊತ್ತು ದಿನವೂ ಸುಮಾರು 50 ನಿಮಿಷ ತಡವಾಗುತ್ತದೆ. ಈ ಭಾನುವಾರ ಎಂಟಕ್ಕೆ ತುಂಬಿ ನಿಂತಿದ್ದ ನೀರು, ಮುಂದಿನ ಭಾನುವಾರ ಅದೇ ಹೊತ್ತಿಗೆ ಹೆಚ್ಚುಕಡಿಮೆ ತಳ ಕಂಡಿರುತ್ತದೆ. ‘ಕಳೆದ ವಾರ ನಾವು ಎಂಟಕ್ಕೇ ಹೊರಟೆವು, ಏನೂ ತೊಂದರೆಯಾಗಲಿಲ್ಲ’ ಎನ್ನುವ ಗೆಳೆಯನ ಸಲಹೆಯಷ್ಟು ಅಪಾಯಕಾರಿ ಸಲಹೆ ಬೇರೆ ಇಲ್ಲ.

ಆ ಸಲಹೆ ನಂಬಿ ನಾನೇ ಒಮ್ಮೆ ಸೀತಾ ನದಿಯಲ್ಲಿ, ಮಾಬುಕಳದಿಂದ ಕೆಳಗೆ, ಕುದ್ರುವೊಂದರ (ನದಿ ನಡುವಿನ ದ್ವೀಪ) ಪಕ್ಕ ಸಿಕ್ಕಿಬಿದ್ದಿದ್ದೆ. ಕಯಾಕಿನ ತಳ ಮೊದಲು ಸುಯ್ಯೆಂದು ಕೆಸರನ್ನು ಸವರಿತು. ಇನ್ನೆರಡು ಸಲ ಹುಟ್ಟು ಹಾಕುವಷ್ಟರಲ್ಲಿ ಗಟ್ಟಿಯಾಗಿ ಕೂತಿತು. ಇಳಿದೆ. ಮೊಣಕಾಲಿನವರೆಗೆ ಕೆಸರು, ಅದರೊಳಗೆ ಬ್ಲೇಡಿನಂಥ ಚಿಪ್ಪುಗಳು. ಚಪ್ಪಲಿ ಕೆಸರಿನಲ್ಲೇ ಉಳಿಯಿತು. ಅಲ್ಲೇ ಮರುವಾಯಿ (ಚಿಪ್ಪುಮೀನು) ಹೆಕ್ಕುತ್ತಿದ್ದ ಹೆಂಗಸೊಬ್ಬರು ತಲೆಯೆತ್ತಿ, “ಇನ್ನು ಮೂರು ಗಂಟೆ ಕೂತಿರಿ, ನೀರೇ ಎತ್ತುತ್ತದೆ” ಎಂದರು. ಕೂತೆ.

ಇನ್ನೊಂದು ಲೆಕ್ಕ ಗಾಳಿಯದು. ನೀವು ಹೋಗುವುದು ಸಮುದ್ರದ ಕಡೆಗೆ, ಮಧ್ಯಾಹ್ನದ ಗಾಳಿ ಬೀಸುವುದು ಸಮುದ್ರದಿಂದ. ಆಗ ಇಳಿತವಿದ್ದರೂ ದೋಣಿ ಮುಂದೆ ಹೋಗಲು ಒಪ್ಪುವುದಿಲ್ಲ. ಆದ್ದರಿಂದ ಬೆಳಗ್ಗೆ ಏಳರ ಸುಮಾರಿಗೆ ಉಬ್ಬರ ಬರುವ ದಿನವನ್ನು ಹುಡುಕಿ, ಎಂಟಕ್ಕೆ ನೀರಿಗಿಳಿಯಿರಿ. ಹನ್ನೊಂದೂವರೆಯೊಳಗೆ ದಡದಲ್ಲಿರಬಹುದು. ಉಬ್ಬರ-ಇಳಿತದ ವೇಳಾಪಟ್ಟಿಯಲ್ಲಿ ಸಿಗುವ ವೇಳೆ ಬಂದರಿನದು. ನದಿಯೊಳಗೆ ಅದು ಸ್ವಲ್ಪ ತಡವಾಗಿ ತಲುಪುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೆಳೆತ ಜೋರು. ನಾಲ್ವರಿಗೆ ಈಜು ಬಾರದೆಂದಿರಿ, ಆ ದಿನಗಳನ್ನು ಬಿಟ್ಟುಬಿಡಿ.

ಆ ನಾಲ್ವರನ್ನು ಇಬ್ಬರು ಕೂರುವ ಕಯಾಕಿನ ಮುಂದಿನ ಸೀಟಿನಲ್ಲಿ ಕೂರಿಸಿ. ದಿಕ್ಕು ತಿರುಗಿಸುವುದು ಹಿಂದೆ ಕೂತವರ ಕೆಲಸ. ಲೈಫ್ ಜಾಕೆಟ್ ಹನ್ನೆರಡು ಮಂದಿಗೂ ಬೇಕು; ಸೆಕೆಯೆಂದು ಬಕಲ್ ಬಿಚ್ಚುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ, ಅವರ ಮೇಲೆ ಕಣ್ಣಿಡಿ. ಸೇತುವೆಯ ಕಂಬಗಳಿಂದಲೂ ಬಲೆ ಕಟ್ಟಿದ ಗೂಟಗಳಿಂದಲೂ ದೂರವಿರಿ. ಸೆಳೆತ ದೋಣಿಯನ್ನು ಅಡ್ಡಡ್ಡವಾಗಿ ಕಂಬಕ್ಕೆ ಒತ್ತಿದರೆ ಹೆದರಿ ಆಚೆಗೆ ವಾಲುತ್ತೇವೆ, ಮಗುಚುವುದೇ ಆಗ. ಕಂಬದ ಕಡೆಗೇ ವಾಲಿ, ಕೈಯಿಂದ ತಳ್ಳಿಕೊಂಡು ಹೊರಬನ್ನಿ.

ಕೋಡಿ ಬೆಂಗ್ರೆಯವರೆಗೆ ಹೋಗುವ ಆಸೆ ಬೇಡ. ಅಲ್ಲಿ ಸೀತೆಯೂ ಸ್ವರ್ಣೆಯೂ ಸೇರಿ ಒಂದೇ ಅಳಿವೆ ಬಾಗಿಲಿನಿಂದ ಸಮುದ್ರಕ್ಕೆ ಹೊರಬೀಳುತ್ತವೆ. ನಿಮ್ಮನ್ನು ಅಲ್ಲಿಯವರೆಗೆ ಸುಖವಾಗಿ ತಂದ ಇಳಿತ, ಅಲ್ಲಿ ನಿಲ್ಲುವುದಿಲ್ಲ. ಕೆಮ್ಮಣ್ಣಿನ ತೂಗುಸೇತುವೆ ಕಂಡಾಗಲೇ ದಡಕ್ಕೆ ತಿರುಗಿ. ಗಾಡಿಯನ್ನೂ ಒಣ ಬಟ್ಟೆಯನ್ನೂ ಬೆಳಗ್ಗೆಯೇ ಅಲ್ಲಿಗೆ ಕಳುಹಿಸಿಬಿಡಿ.