ಪಂಕ್ತಿಯಿಂದ ಮೂರು ಸಲ ಎದ್ದವರು: ವಿಡಿಯೊ ಕ್ಯಾಪ್ಶನ್‌ನ ಹಿನ್ನೆಲೆ

ಮೂಕಿಚಿತ್ರಗಳ ಕಾಲದಲ್ಲಿ ಕಿವುಡರಿಗೂ ಕಿವಿ ಕೇಳುವವರಿಗೂ ಚಿತ್ರಮಂದಿರದಲ್ಲಿ ಒಂದೇ ಪಂಕ್ತಿ. ನಟ ತುಟಿ ಅಲ್ಲಾಡಿಸಿದ ಮೇಲೆ ಆತನ ಮಾತು ಅಕ್ಷರವಾಗಿ ಪರದೆಗೆ ಬರುತ್ತಿತ್ತು, ಎಲ್ಲರೂ ಓದಿಯೇ ನಗುತ್ತಿದ್ದರು. 1927ರಲ್ಲಿ ಸಿನಿಮಾ ಬಾಯಿ ಬಿಟ್ಟಿತು. ಮುಂದಿನ ಕೆಲವೇ ವರ್ಷಗಳಲ್ಲಿ ಆ ಅಕ್ಷರಫಲಕಗಳು ಕಾಣೆಯಾದವು. ಉಳಿದವರಿಗೆಲ್ಲ ಅದು ಹಬ್ಬ. ಕಿವುಡರಿಗೆ ಮಾತ್ರ ಉಣ್ಣುತ್ತಿದ್ದ ಎಲೆಯ ಮುಂದಿನಿಂದ ಎಬ್ಬಿಸಿದಂತಾಯಿತು.

ಇವತ್ತು ವೆಬ್ ವಿಡಿಯೊದ ಮೂಲೆಯಲ್ಲಿ ಕಾಣುವ, ಒತ್ತಿದರೆ ಮಾತನ್ನೂ ಸದ್ದನ್ನೂ ಅಕ್ಷರವಾಗಿಸಿದ ಕ್ಯಾಪ್ಶನ್ ತೋರಿಸುವ ‘ಸಿಸಿ’ ಗುಂಡಿಯ ಕಥೆ ಶುರುವಾಗುವುದು ಇಲ್ಲಿಂದ. ಇದೇ ಅನುಭವ ಮುಂದೆ ಟಿವಿಯಲ್ಲೊಮ್ಮೆ, ಇಂಟರ್ನೆಟ್‌ನಲ್ಲೊಮ್ಮೆ ಮರುಕಳಿಸಿತು. ಪ್ರತಿ ಸಲವೂ ಹೊಸ ಮಾಧ್ಯಮ ಮೊದಲು ಬಂತು, ಅಕ್ಷರ ಆಮೇಲೆ ಬಂತು. ನಡುವಿನ ಕಾಯುವಿಕೆ ಒಂದೆರಡು ವರ್ಷದ್ದಲ್ಲ.

ಸಿನಿಮಾದಲ್ಲಿ ಮೊದಲು ಕೈಹಾಕಿದವರು ಸ್ವತಃ ಒಬ್ಬ ಕಿವುಡ ನಟ. ಕ್ಯೂಬಾ ಮೂಲದ ಎಮರ್ಸನ್ ರೊಮೆರೊ ಮೂಕಿಚಿತ್ರಗಳಲ್ಲಿ ನಟಿಸಿದ್ದವರು. ಟಾಕಿ ಬಂದಾಗ ಅವರ ನಟನೆಯ ಬದುಕೂ ಮುಗಿಯಿತು, ಪ್ರೇಕ್ಷಕರಾಗಿ ಕೂರುವ ಸುಖವೂ ಹೋಯಿತು. 1947ರಲ್ಲಿ ಅವರು ಹಳೆಯ ಚಿತ್ರಗಳ ರೀಲು ಕತ್ತರಿಸಿ, ನಡುನಡುವೆ ಅಕ್ಷರಫಲಕ ಅಂಟಿಸಿ ಕಿವುಡರ ಕ್ಲಬ್ಬು, ಶಾಲೆಗಳಿಗೆ ಒದಗಿಸತೊಡಗಿದರು. ಕೆಲಸ ಒರಟಾಗಿತ್ತು: ಫಲಕ ಬಂದಾಗಲೆಲ್ಲ ಚಿತ್ರ ನಿಲ್ಲುತ್ತಿತ್ತು, ಧ್ವನಿ ತುಂಡಾಗುತ್ತಿತ್ತು. ಆದರೆ ದಾರಿ ಕಂಡಿತು. 1958ರಲ್ಲಿ ಅಮೆರಿಕದ ಸರ್ಕಾರ ಕ್ಯಾಪ್ಶನ್ ಹಾಕಿದ ಚಿತ್ರಗಳನ್ನು ಕಿವುಡರಿಗೆ ಎರವಲು ಕೊಡುವ ಕಾನೂನು ಮಾಡಿತು. ಟಾಕಿ ಬಂದು ಆಗಲೇ 31 ವರ್ಷ ಸಂದಿದ್ದವು.

ಅಷ್ಟರೊಳಗೆ ಟಿವಿ ಮನೆ ಹೊಕ್ಕಿತ್ತು, ಮತ್ತೆ ಬರೀ ಮಾತು. ಇಲ್ಲಿ ಪರಿಹಾರ ಬಂದದ್ದು ಒಂದು ಸೋತ ಪ್ರಯೋಗದ ಬೆನ್ನಲ್ಲಿ. 1970ರ ಹೊತ್ತಿಗೆ ಅಮೆರಿಕದಲ್ಲಿ ಅಳತೆಗಳ ಮಾನದಂಡ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್, ಟಿವಿ ಸಂಕೇತದ ಕಣ್ಣಿಗೆ ಬೀಳದ ಭಾಗದಲ್ಲಿ ದೇಶಕ್ಕೆಲ್ಲ ನಿಖರ ಸಮಯ ಕಳಿಸಲು ನೋಡಿತು. ಅದು ಫಲಿಸಲಿಲ್ಲ. ಅಂಕಿ ಹೋಗುವ ಜಾಗದಲ್ಲಿ ಅಕ್ಷರವೂ ಹೋದೀತಲ್ಲ ಎಂಬ ಯೋಚನೆ ಮಾತ್ರ ಉಳಿಯಿತು. 1972ರಲ್ಲಿ ಬಾಸ್ಟನ್‌ನ ಡಬ್ಲ್ಯುಜಿಬಿಎಚ್ ಟಿವಿ ಕೇಂದ್ರ, ಜೂಲಿಯಾ ಚೈಲ್ಡ್ ನಡೆಸಿಕೊಡುತ್ತಿದ್ದ ಅಡುಗೆ ಕಾರ್ಯಕ್ರಮಕ್ಕೆ ಎಲ್ಲರಿಗೂ ಕಾಣುವಂತೆ ಅಕ್ಷರ ಹಾಕಿ ಪ್ರಸಾರ ಮಾಡಿತು. ಮರುವರ್ಷದಿಂದ ಅದೇ ಕೇಂದ್ರದ ತಂಡ ಎಬಿಸಿ ವಾಹಿನಿಯ ಸಂಜೆಯ ವಾರ್ತೆಗೆ ಗಂಟೆಗಟ್ಟಲೆ ಕೂತು ಕ್ಯಾಪ್ಶನ್ ಬರೆದು ರಾತ್ರಿ 11ಕ್ಕೆ ಮರುಪ್ರಸಾರ ಮಾಡುತ್ತಿತ್ತು. ಊರೆಲ್ಲ ಸುದ್ದಿ ಚರ್ಚಿಸಿ ಮಲಗುವ ವೇಳೆಗೆ ಕಿವುಡರಿಗೆ ಸುದ್ದಿ ಮುಟ್ಟುತ್ತಿತ್ತು.

ಎಲ್ಲರಿಗೂ ಕಾಣುವ ಅಕ್ಷರದ ಬಗ್ಗೆ ಕಿವಿ ಕೇಳುವವರು ಗೊಣಗುತ್ತಾರೆ ಎಂಬ ಅಳುಕು ವಾಹಿನಿಗಳಿಗಿತ್ತು. ಹಾಗಾಗಿ ಬೇಕಾದವರಿಗಷ್ಟೇ ತೆರೆದುಕೊಳ್ಳುವ ‘ಕ್ಲೋಸ್ಡ್ ಕ್ಯಾಪ್ಶನ್’, ಅಂದರೆ ಸಿಸಿ, ಬಂತು. ಟಿವಿ ಚಿತ್ರ ಕಟ್ಟುವ 525 ಅಡ್ಡಗೆರೆಗಳ ಪೈಕಿ ಪರದೆಯ ಮೇಲೆ ಕಾಣದ 21ನೆಯ ಗೆರೆಯನ್ನು 1976ರಲ್ಲಿ ಇದಕ್ಕೆಂದೇ ಮೀಸಲಿಟ್ಟರು. 1980ರ ಮಾರ್ಚ್ 16ರಂದು ನಿಯತ ಪ್ರಸಾರ ಆರಂಭವಾಯಿತು. ನೋಡಬೇಕಾದರೆ ಮಾತ್ರ ಟಿವಿಗೆ ಬೇರೆ ಡಬ್ಬಿಯೊಂದನ್ನು ಜೋಡಿಸಬೇಕಿತ್ತು, ಅದಕ್ಕೆ ಸುಮಾರು 250 ಡಾಲರ್. ಎಲ್ಲರಿಗೂ ಪುಕ್ಕಟೆ ಸಿಗುವ ಮಾತಿಗೆ ಕಿವುಡರು ಕಾಸು ಕೊಡಬೇಕಾದ ಸ್ಥಿತಿ. ಡಬ್ಬಿ ಕೊಂಡವರು ಕಡಿಮೆ, ಕೊಳ್ಳುವವರಿಲ್ಲವೆಂದು ಕ್ಯಾಪ್ಶನ್ ಹಾಕುವವರೂ ಕಡಿಮೆ. ಈ ಗಂಟು ಬಿಚ್ಚಿದ್ದು 1990ರ ಕಾನೂನು: 1993ರ ಜುಲೈನಿಂದ ಅಮೆರಿಕದಲ್ಲಿ ಮಾರಾಟಕ್ಕೆ ತಯಾರಾಗುವ 13 ಇಂಚು ಮತ್ತು ಅದಕ್ಕಿಂತ ದೊಡ್ಡ ಟಿವಿಗಳೊಳಗೇ ಆ ಸಾಮರ್ಥ್ಯ ಇರಬೇಕು ಎಂದಿತು.

ಟಿವಿಯಲ್ಲಿ ಅಂತೂ ಇಂತೂ ನೆಲೆ ಸಿಕ್ಕಿತು ಅನ್ನುವಷ್ಟರಲ್ಲಿ ವೆಬ್ ಬಂತು. ಇಲ್ಲಿ ನಡೆದದ್ದು ಇನ್ನೂ ವಿಚಿತ್ರ. ಪ್ರಸಾರದಲ್ಲಿ ಕ್ಯಾಪ್ಶನ್ ಇದ್ದ ಕಾರ್ಯಕ್ರಮ ವೆಬ್‌ಗೆ ಬರುವಾಗ ಅದನ್ನು ಕಳಚಿಕೊಂಡು ಬರುತ್ತಿತ್ತು. ವಿಡಿಯೊವನ್ನು ವೆಬ್ ಫೈಲಾಗಿ ಮಾರ್ಪಡಿಸುವಾಗ 21ನೆಯ ಗೆರೆಗೆ ಜಾಗವಿರಲಿಲ್ಲ, ಅದನ್ನು ಹೊತ್ತು ತರಬೇಕೆಂದು ಯಾರಿಗೂ ತೋಚಿರಲಿಲ್ಲ. ನಿಯಮ ಇರಲಿಲ್ಲವೆಂದಲ್ಲ. ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ 1999ರ ಮೇ ತಿಂಗಳಲ್ಲೇ, ಅಂದರೆ ಯೂಟ್ಯೂಬ್ ಹುಟ್ಟುವುದಕ್ಕೆ ಆರು ವರ್ಷ ಮೊದಲೇ, ವಿಡಿಯೊದ ಜೊತೆಗೆ ಹೆಜ್ಜೆ ಹಾಕುವ ಕ್ಯಾಪ್ಶನ್ ಬೇಕೆಂದು ತನ್ನ ಮಾರ್ಗಸೂಚಿಯಲ್ಲಿ ಬರೆದಿತ್ತು. 2008ರ ಎರಡನೆಯ ಆವೃತ್ತಿ, ಮೊದಲೇ ಮುದ್ರಿಸಿಟ್ಟ, ಧ್ವನಿಯಿರುವ ವಿಡಿಯೊಗೆ ಕ್ಯಾಪ್ಶನ್ ಹಾಕುವುದನ್ನು ಕನಿಷ್ಠ ಮಟ್ಟದ ಅಗತ್ಯವೆಂದೇ ಇಟ್ಟಿತು. ಮಾರ್ಗಸೂಚಿ ಪುಸ್ತಕದ ಬದನೆಕಾಯಿಯಾಗಿ ಉಳಿಯಿತು.

ಫೈಲಿನ ಮಾದರಿ ಬಂದ ದಾರಿಯಂತೂ ಮಜವಾಗಿದೆ. ಡಿವಿಡಿಗಳಿಂದ ಸಬ್‌ಟೈಟಲ್ ಕಿತ್ತು ತೆಗೆಯಲು ಹವ್ಯಾಸಿಗಳು ಬಳಸುತ್ತಿದ್ದ ಸಬ್‌ರಿಪ್ ಎಂಬ ತಂತ್ರಾಂಶ, ‘ಎಸ್‌ಆರ್‌ಟಿ’ ಎಂಬ ಸರಳ ಪಠ್ಯ ಫೈಲು ಕೊಡುತ್ತಿತ್ತು: ಒಂದು ಕ್ರಮಸಂಖ್ಯೆ, ಶುರುವಿನ ಮತ್ತು ಕೊನೆಯ ಸಮಯ, ಕೆಳಗೆ ಮಾತು. ವೆಬ್ ಪುಟ ಕಟ್ಟುವ ಭಾಷೆಯ ಐದನೆಯ ಆವೃತ್ತಿಯಾದ ಎಚ್‌ಟಿಎಂಎಲ್5ಗೆ ಕ್ಯಾಪ್ಶನ್ ಮಾದರಿಯೊಂದು ಬೇಕಾದಾಗ ಇದನ್ನೇ ತಿದ್ದಿ ‘ವೆಬ್‌ಎಸ್‌ಆರ್‌ಟಿ’ ಮಾಡಿದರು, ಆಮೇಲೆ ಹೆಸರು ‘ವೆಬ್‌ವಿಟಿಟಿ’ ಆಯಿತು. ಎಸ್‌ಆರ್‌ಟಿಯಲ್ಲಿ ಸೆಕೆಂಡಿನ ನಂತರ ಅಲ್ಪವಿರಾಮ, ವಿಟಿಟಿಯಲ್ಲಿ ಚುಕ್ಕೆ. ಇದೊಂದನ್ನು ಮರೆತು ತಲೆ ಕೆರೆದುಕೊಂಡವರು ಬಹಳ. ನಮ್ಮಂಥ ಭಾಷೆಯವರಿಗೆ ಇದರಲ್ಲಿ ದೊಡ್ಡ ಲಾಭವಿದೆ. 21ನೆಯ ಗೆರೆ ರೋಮನ್ ಅಕ್ಷರಗಳಿಗೆಂದು ಕಟ್ಟಿದ್ದು, ಸಾಲಿಗೆ 32 ಮನೆ. ಒತ್ತಕ್ಷರಗಳಿಗೆ ಅಲ್ಲಿ ಎಡೆಯೇ ಇಲ್ಲ. ವಿಟಿಟಿ ಯುನಿಕೋಡ್ ಫೈಲು, ಕನ್ನಡ ನೇರವಾಗಿ ಕೂರುತ್ತದೆ.

ಆದರೆ ಬರೆಯುವವರು ಯಾರು? 2009ರಲ್ಲಿ ಯೂಟ್ಯೂಬ್‌ಗೆ ಪ್ರತಿ ನಿಮಿಷ 20 ಗಂಟೆಯಷ್ಟು ವಿಡಿಯೊ ಬಂದು ಬೀಳುತ್ತಿತ್ತು. ಆ ವರ್ಷದ ನವೆಂಬರ್‌ನಲ್ಲಿ ಗೂಗಲ್ ತಾನಾಗಿಯೇ ಮಾತು ಗುರುತಿಸಿ ಕ್ಯಾಪ್ಶನ್ ಮೂಡಿಸುವ ಸೌಲಭ್ಯ ಪ್ರಕಟಿಸಿತು. ಅದರ ಹಿಂದಿದ್ದ ಎಂಜಿನಿಯರ್ ಕೆನ್ ಹ್ಯಾರೆನ್‌ಸ್ಟೀನ್ ಕೂಡ ಕಿವುಡರೇ. ಆರಂಭದಲ್ಲಿ ಇಂಗ್ಲಿಷ್ ಮಾತ್ರ, ಬೆರಳೆಣಿಕೆಯ ಸಂಸ್ಥೆಗಳ ಚಾನೆಲ್‌ಗಳಿಗೆ ಮಾತ್ರ. ಆ ಪಟ್ಟಿಯಲ್ಲಿದ್ದ ಒಂದು ಹೆಸರು ನೆನಪಿಟ್ಟುಕೊಳ್ಳಿ: ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಬರ್ಕ್‌ಲಿ.

ಯಂತ್ರ ಬಂದದ್ದು ಉಪಕಾರವೇ, ಏನೂ ಇಲ್ಲದಲ್ಲಿ ಏನೋ ಬಂತು. ಅದರ ಬೆನ್ನಿಗೇ ‘ಕ್ಯಾಪ್ಶನ್ ಆಗಿಯೇ ಇದೆಯಲ್ಲ’ ಎಂಬ ಸಮಾಧಾನವೂ ಬಂತು, ನನ್ನ ಮಟ್ಟಿಗೆ ಇದು ಹೆಚ್ಚು ಕೆಡುಕಿನದು. ಯಂತ್ರ ತಪ್ಪುವುದು ಸಾಮಾನ್ಯವಾಗಿ ‘ಮತ್ತು’, ‘ಆದರೆ’ಗಳಲ್ಲಿ ಅಲ್ಲ, ಹೆಸರು, ಅಂಕಿ, ಪಾರಿಭಾಷಿಕ ಪದಗಳಲ್ಲಿ, ಅಂದರೆ ಊಹಿಸಿ ತುಂಬಿಕೊಳ್ಳಲಾಗದ ಕಡೆ. ನೂರು ಪದಕ್ಕೆ ಐದೇ ತಪ್ಪು ಎಂದರೆ ಕೇಳಲು ಚೆನ್ನ. ಆ ಐದರಲ್ಲೊಂದು ‘ಇಲ್ಲ’ ಎಂಬ ಪದವಾದರೆ ವಾಕ್ಯವೇ ತಿರುಗಿ ಬೀಳುತ್ತದೆ.

ಕಡೆಗೆ ವಿಷಯ ಕೋರ್ಟಿಗೆ ಹೋಯಿತು. 2010ರ ಅಮೆರಿಕದ ಕಾನೂನು, ಟಿವಿಯಲ್ಲಿ ಕ್ಯಾಪ್ಶನ್ ಜೊತೆ ಬಂದದ್ದು ಇಂಟರ್ನೆಟ್‌ಗೂ ಕ್ಯಾಪ್ಶನ್ ಸಮೇತ ಬರಲಿ ಎಂದಿತು, ವೆಬ್‌ಗೆಂದೇ ಮಾಡಿದ್ದನ್ನು ಮುಟ್ಟಲಿಲ್ಲ. ಅಮೆರಿಕದ ಕಿವುಡರ ರಾಷ್ಟ್ರೀಯ ಸಂಘ 2011ರಲ್ಲಿ ನೆಟ್‌ಫ್ಲಿಕ್ಸ್ ಮೇಲೆ ದಾವೆ ಹೂಡಿತು. ಅಂಗವಿಕಲರ ಹಕ್ಕಿನ 1990ರ ಕಾಯ್ದೆ ಅಂಗಡಿ, ಹೋಟೆಲಿನಂಥ ಸ್ಥಳಗಳಿಗಷ್ಟೇ ಅನ್ವಯ ಎಂಬ ವಾದವನ್ನು ಮ್ಯಾಸಚೂಸೆಟ್ಸ್‌ನ ಫೆಡರಲ್ ನ್ಯಾಯಾಲಯ 2012ರಲ್ಲಿ ಒಪ್ಪಲಿಲ್ಲ. ಅದೇ ವರ್ಷ ನೆಟ್‌ಫ್ಲಿಕ್ಸ್ ರಾಜಿಗೆ ಬಂದು, 2014ರೊಳಗೆ ಎಲ್ಲಕ್ಕೂ ಕ್ಯಾಪ್ಶನ್ ಹಾಕಲು ಒಪ್ಪಿತು. 2015ರಲ್ಲಿ ಹಾರ್ವರ್ಡ್, ಎಂಐಟಿಗಳ ಸರದಿ. ಉಚಿತ ಪಾಠದ ವಿಡಿಯೊಗಳಿಗೆ ಕ್ಯಾಪ್ಶನ್ ಇಲ್ಲ, ಇದ್ದರೂ ತಪ್ಪು ಎಂಬುದು ದೂರು. ಎರಡೂ ಕೆಲವು ವರ್ಷಗಳ ನಂತರ ಒಪ್ಪಂದಕ್ಕೆ ಬಂದವು.

ಬರ್ಕ್‌ಲಿ ಹಿಡಿದ ದಾರಿ ಬೇರೆ. ಅದರ ಉಚಿತ ವಿಡಿಯೊಗಳು ಕಿವುಡರಿಗೆ ಎಟುಕುತ್ತಿಲ್ಲ ಎಂದು ಅಮೆರಿಕ ಸರ್ಕಾರದ ನ್ಯಾಯ ಇಲಾಖೆ 2016ರಲ್ಲಿ ಹೇಳಿತು. 2017ರ ಮಾರ್ಚ್‌ನಲ್ಲಿ ವಿಶ್ವವಿದ್ಯಾಲಯ 20,000ಕ್ಕೂ ಹೆಚ್ಚು ಪಾಠಗಳನ್ನು ಸಾರ್ವಜನಿಕರಿಂದ ಹಿಂತೆಗೆದುಕೊಂಡಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಕಿವುಡರಿಂದಾಗಿ ನಮಗೂ ಹೋಯಿತು ಎಂದು ಬೈದವರು ಅನೇಕರು. ಅಷ್ಟು ವರ್ಷ ಯಾರಿಗೆ ಅದು ಇರಲೇ ಇಲ್ಲ ಎಂದು ಕೇಳಿದವರು ಕಡಿಮೆ. 2022ರಲ್ಲಿ ಆ ವಿಶ್ವವಿದ್ಯಾಲಯವೂ ಇಲಾಖೆಯ ಜೊತೆ ಒಪ್ಪಂದ ಮಾಡಿಕೊಂಡಿತು.

ಸಾವಿರಾರು ವಿಡಿಯೊ ಪೇರಿಸಿಟ್ಟ ಮೇಲೆ ಕ್ಯಾಪ್ಶನ್ ಹಾಕುವುದು ಗುಡ್ಡ ಅಗೆದಂತೆ, ದುಬಾರಿ. ಮಾತನ್ನು ಮೊದಲೇ ಬರೆದಿಟ್ಟುಕೊಂಡು ಚಿತ್ರೀಕರಿಸಿದವರಿಗೆ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ. ಬರಹ ಕೊಟ್ಟರೆ ಸಮಯ ಹೊಂದಿಸುವ ಕೆಲಸವನ್ನು ಯಂತ್ರ ಚೆನ್ನಾಗಿಯೇ ಮಾಡುತ್ತದೆ. ಉಳಿಯುವುದು ಕಿವಿಯ ಕೆಲಸ: ಯಾರು ಮಾತಾಡಿದರು, ಬಾಗಿಲು ಬಡಿದ ಸದ್ದು ಬಂತೇ, ನಗು ಕೇಳಿತೇ. ಭಾಷಾಂತರದ ಸಬ್‌ಟೈಟಲ್‌ಗೂ ಕ್ಯಾಪ್ಶನ್‌ಗೂ ಇರುವ ವ್ಯತ್ಯಾಸ ಇಷ್ಟೇ. ಮೊದಲನೆಯದು ನಿಮಗೆ ಕಿವಿ ಕೇಳುತ್ತದೆ, ಭಾಷೆ ಬರುವುದಿಲ್ಲ ಎಂದುಕೊಳ್ಳುತ್ತದೆ.

ಕಣ್ಣು ಕಾಣದವರ ವಿಷಯ ಇದಕ್ಕಿಂತ ಹಿಂದೆ ಬಿದ್ದಿದೆ. ದೃಶ್ಯವನ್ನು ಮಾತಿನಲ್ಲಿ ಬಣ್ಣಿಸುವ ಧ್ವನಿ ವಿವರಣೆಯನ್ನು ಡಬ್ಲ್ಯುಜಿಬಿಎಚ್ 1990ರಲ್ಲೇ ಟಿವಿಗೆ ತಂದಿತ್ತು, ವೆಬ್‌ನಲ್ಲಿ ಅದು ಇಂದಿಗೂ ಅಪರೂಪ. ಪಾಠ ಹೇಳುವವರು ‘ಇಲ್ಲಿ ನೋಡಿ, ಇದು ಇದಕ್ಕಿಂತ ಜಾಸ್ತಿ’ ಎನ್ನುವ ಬದಲು ಯಾವುದು ಯಾವುದಕ್ಕಿಂತ ಎಷ್ಟು ಎಂದು ಬಾಯಿಬಿಟ್ಟು ಹೇಳಿದರೆ ಬಹಳಷ್ಟು ಸಲ ಬೇರೆ ವಿವರಣೆಯೇ ಬೇಡ.

ಈಚೆಗೆ ಫೋನಿನ ಪುಟ್ಟ ವಿಡಿಯೊಗಳಲ್ಲಿ ಅಕ್ಷರಗಳು ತುಂಬಿ ತುಳುಕುತ್ತಿವೆ. ಸದ್ದು ಮುಚ್ಚಿಟ್ಟು ನೋಡುವವರು ಹೆಚ್ಚಾದದ್ದೇ ಕಾರಣ, ಕಿವುಡರ ನೆನಪಲ್ಲ. ಒಂದೊಂದೇ ಪದ ಕುಣಿಯುತ್ತ ಬಣ್ಣ ಬದಲಿಸುತ್ತದೆ. ಇವು 1972ರ ಆ ಅಡುಗೆ ಕಾರ್ಯಕ್ರಮದ ಹಾಗೆ ಚಿತ್ರದಲ್ಲೇ ಬೆರೆತ ಅಕ್ಷರಗಳು: ದೊಡ್ಡದು ಮಾಡಲಾಗದು, ಹುಡುಕಲಾಗದು, ಬೇರೆ ಭಾಷೆಗೆ ಹೊರಳಿಸಲಾಗದು. ಕಣ್ಣು ಕಿವಿ ಎರಡೂ ಇಲ್ಲದವರು, ಪಠ್ಯವನ್ನು ಉಬ್ಬುಚುಕ್ಕೆಗಳಾಗಿ ಎಬ್ಬಿಸುವ ಬ್ರೈಲ್ ಪಟ್ಟಿಯ ಮೇಲೆ ಬೆರಳಿಟ್ಟು ಓದುವುದಕ್ಕೆ ಪಠ್ಯವಾಗಿ ಸಿಗುವ ಅಕ್ಷರ ಬೇಕು. ಪರದೆಯ ತುಂಬ ಕುಣಿಯುವ ಈ ಪದಗಳಲ್ಲಿ ಒಂದೂ ಅವರ ಬೆರಳಿಗೆ ತಾಕುವುದಿಲ್ಲ.