ಆರು ವರ್ಷಕ್ಕೇ ಮುದಿತನವಾ?

"ಡಾಕ್ಟ್ರೇ, ಇವನಿಗೆ ವಯಸ್ಸಾಯ್ತು ಅನ್ಸುತ್ತೆ. ಮೆಟ್ಟಿಲು ಹತ್ತೋದೇ ಬಿಟ್ಟಿದ್ದಾನೆ" ಅಂತ ಒಬ್ಬರು ತಮ್ಮ ಲ್ಯಾಬ್ರಡಾರನ್ನು ಕರೆತಂದಿದ್ದರು. ವಯಸ್ಸು ಕೇಳಿದರೆ ಆರು. ತಕ್ಕಡಿ ಮೇಲೆ ನಿಲ್ಲಿಸಿದರೆ 46 ಕೆಜಿ. ಅವನ ಮೈಕಟ್ಟಿಗೆ 32 ಸಾಕಿತ್ತು. ಹೆಚ್ಚಿದ್ದ 14 ಕೆಜಿ ಅಂದರೆ ನಮ್ಮ ಮನೆಗೆ ಬರುವ ಸಿಲಿಂಡರಿನೊಳಗಿನ ಗ್ಯಾಸ್‌ನಷ್ಟು ತೂಕ. ಅದನ್ನು ಹೊತ್ತು ಯಾರು ತಾನೇ ಖುಷಿಯಿಂದ ಮಹಡಿ ಹತ್ತುತ್ತಾರೆ?

ಮೊದಲು ಪೆಟ್ಟು ಬೀಳುವುದು ಕೀಲುಗಳಿಗೆ. ಸೊಂಟ, ಮೊಣಕೈ ಸವೆಯುತ್ತವೆ. ಮಂಡಿಯೊಳಗಿನ ಲಿಗಮೆಂಟ್ ಹರಿಯುವುದೂ ಉಂಟು. ಭಾರ ಒಂದೇ ಕಾರಣ ಅಲ್ಲ. ಕೊಬ್ಬು ಸುಮ್ನೆ ಕೂತಿರುವುದಿಲ್ಲ, ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಪಮೇರಿಯನ್, ಪಗ್‌ಗಳಲ್ಲಿ ಉಸಿರಾಟವೇ ಕಷ್ಟವಾಗುತ್ತದೆ. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ತೇಕುವುದರಿಂದ. ಹಾಗಾಗಿ ಏಪ್ರಿಲ್, ಮೇ ಬಂದರೆ ದಪ್ಪ ನಾಯಿಗಳ ಬಗ್ಗೆ ನನಗೆ ನಿಜವಾಗಿಯೂ ಭಯ. ಹಬ್ಬದ ಮಾರನೇ ದಿನ ವಾಂತಿ ಮಾಡುತ್ತಾ, ಹೊಟ್ಟೆನೋವಿಗೆ ಬೆನ್ನು ಬಾಗಿಸಿ ನಿಂತ ನಾಯಿಗಳು ಬರುತ್ತವೆ. ತುಪ್ಪದ ಹೋಳಿಗೆ, ಮಟನ್ ಕೊಬ್ಬು ತಿಂದು ಮೇದೋಜೀರಕ ಗ್ರಂಥಿ ಊದಿಕೊಂಡಿರುತ್ತದೆ. ದಪ್ಪ ನಾಯಿಗಳಲ್ಲಿ ಇದು ಜಾಸ್ತಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಅಂಗೈ ಚಾಚಿ ಹಿಂಗೈ ಮೇಲೆ ಬೆರಳಾಡಿಸಿ. ಮೂಳೆ ಸಿಗುತ್ತದೆ, ಅಲ್ವಾ? ನಾಯಿಯ ಪಕ್ಕೆ ಮುಟ್ಟಿದಾಗ ಹಾಗೆ ಸಿಗಬೇಕು. ಅಂಗೈ ಕಡೆಯಂತೆ ಮೆತ್ತಗಿದ್ದರೆ ತೂಕ ಜಾಸ್ತಿಯಾಗಿದೆ.

ಮನೆಯವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಹೆಚ್ಚುಕಡಿಮೆ ಕಾಲು ಭಾಗ ಲ್ಯಾಬ್ರಡಾರ್‌ಗಳಲ್ಲಿ ಪಿಒಎಂಸಿ ಅನ್ನುವ ಜೀನ್ ಕೆಟ್ಟಿರುತ್ತದೆ ಅಂತ 2016ರಲ್ಲಿ ಕೇಂಬ್ರಿಡ್ಜ್ ಸಂಶೋಧಕರು ತೋರಿಸಿದರು. ಅಂಥವಕ್ಕೆ ಒಂದು ಊಟಕ್ಕೂ ಇನ್ನೊಂದು ಊಟಕ್ಕೂ ನಡುವೆ ಹಸಿವು ಜಾಸ್ತಿ. ಆ ಕಣ್ಣು ನೋಡಿ ಕರಗದಿರುವುದು ಕಷ್ಟವೇ. ಆದರೆ ಇದನ್ನೂ ಕೇಳಿ. 48 ಲ್ಯಾಬ್ರಡಾರ್‌ಗಳನ್ನು ಹುಟ್ಟಿನಿಂದ ಸಾಯುವವರೆಗೆ ಗಮನಿಸಿದ ಅಧ್ಯಯನವೊಂದಿದೆ. ಜೊತೆಯವಕ್ಕಿಂತ ಶೇ. 25ರಷ್ಟು ಕಡಿಮೆ ತಿಂದವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು. ಕೀಲುನೋವೂ ತಡವಾಗಿ ಬಂತು.

ಆ ಆರು ವರ್ಷದ ಲ್ಯಾಬ್ರಡಾರ್‌ಗೆ ಥೈರಾಯ್ಡ್ ಪರೀಕ್ಷೆ ಮಾಡಿಸಿದೆವು, ತೊಂದರೆ ಇರಲಿಲ್ಲ. ಆಮೇಲೆ ಯಾರು ಏನು ಹಾಕುತ್ತೀರಿ ಅಂತ ಮನೆಯವರನ್ನು ಕೂರಿಸಿ ಕೇಳಿದೆ. ಎರಡು ಹೊತ್ತು ಡಾಗ್ ಫುಡ್. ಅಪ್ಪನ ಕಾಫಿ ಜೊತೆ ಬಿಸ್ಕೆಟ್. ಮಕ್ಕಳ ಚಪಾತಿ ಚೂರು. ರಾತ್ರಿ ಅಜ್ಜಿಯ ಮೊಸರನ್ನ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ! ಉಪವಾಸ ಕೆಡವಲಿಲ್ಲ. ಊಟ ಅಳೆದು ಹಾಕಿ, ಒಬ್ಬರೇ ಹಾಕಿ ಅಂದೆ. ವಾರಕ್ಕೆ ಅರ್ಧ ಕೆಜಿ ಇಳಿದರೆ ಸಾಕು. ಓಡಿಸಬೇಡಿ, ದಿನಕ್ಕೆ ಮೂರು ಸಲ ಹತ್ತತ್ತು ನಿಮಿಷ ನಡೆಸಿ.

ಐದು ತಿಂಗಳಿಗೆ 38ಕ್ಕೆ ಬಂದಿದ್ದಾನೆ, ಇನ್ನೂ ಇಳಿಯಬೇಕು. ಅಜ್ಜಿ ಈಗ ರಾತ್ರಿ ಬೇಯಿಸಿದ ಬೀನ್ಸ್ ಕೊಡುತ್ತಾರೆ. ಅದನ್ನೂ ಅವನು ಮೊಸರನ್ನದಷ್ಟೇ ಆಸೆಯಿಂದ ತಿನ್ನುತ್ತಾನಂತೆ.