ಮನೆಗೊಂದು, ಆಫೀಸಿಗೊಂದು ಡಿಎನ್‌ಎಸ್

"ಸರ್, ನೆಟ್ ಇದೆ. ಆದ್ರೆ ಆಫೀಸ್ ಪೋರ್ಟಲ್ ಮಾತ್ರ ಓಪನ್ ಆಗ್ತಿಲ್ಲ."

ಸೋಮವಾರ ಬೆಳಿಗ್ಗೆ ನಮ್ಮ ಸಪೋರ್ಟ್ ಡೆಸ್ಕಿಗೆ ಬರುವ ಕರೆಗಳಲ್ಲಿ ಇದೇ ಜಾಸ್ತಿ. ನನ್ನ ಮೊದಲ ಅನುಮಾನ ಡಿಎನ್‌ಎಸ್ ಮೇಲೆ, ಅಂದರೆ ಸೈಟಿನ ಹೆಸರಿಗೆ ಅಂಕಿಗಳ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆಯ ಮೇಲೆ. "ಡಿಎನ್‌ಎಸ್ ಏನಾದ್ರೂ ಬದಲಾಯಿಸಿದ್ರಾ?" ಅಂತ ಕೇಳುತ್ತೇನೆ. "ಇಲ್ಲ ಸರ್" ಅನ್ನುತ್ತಾರೆ. ಇನ್ನೆರಡು ಮಾತಾದ ಮೇಲೆ ನಿಜ ಹೊರಬೀಳುತ್ತದೆ: "ಹಾಂ, ಮನೇಲಿ ಸ್ಲೋ ಇತ್ತು ಅಂತ ಯಾವುದೋ ವಿಡಿಯೋ ನೋಡಿ 8.8.8.8 ಹಾಕಿದ್ದೆ."

ಗೂಗಲ್‌ನ ಡಿಎನ್‌ಎಸ್ ಸರ್ವರ್ ಆದ 8.8.8.8 ಹಾಕಿದ್ದು ತಪ್ಪಲ್ಲ. ಹಾಕಿದ ಜಾಗ ತಪ್ಪು.

ನೀವು ಬ್ರೌಸರಿನಲ್ಲಿ ಒಂದು ಹೆಸರು ಟೈಪ್ ಮಾಡುತ್ತೀರಿ. ಆ ಹೆಸರಿನ ಐಪಿ ವಿಳಾಸ ಏನು ಅಂತ ಕಂಪ್ಯೂಟರ್ ಯಾರನ್ನಾದರೂ ಕೇಳಬೇಕು. ಕೇಳುವುದು ರಿಸಾಲ್ವರ್ ಅನ್ನುವ ಡಿಎನ್‌ಎಸ್ ಸರ್ವರನ್ನು. ಅದರ ವಿಳಾಸ ನಿಮ್ಮ ಕಂಪ್ಯೂಟರಿಗೆ ಹುಟ್ಟಿನಿಂದ ಗೊತ್ತಿರುವುದಿಲ್ಲ. ವೈಫೈಗೆ ಸೇರಿದ ಕ್ಷಣ ಆ ನೆಟ್‌ವರ್ಕೇ ಡಿಎಚ್‌ಸಿಪಿ ಅನ್ನುವ ಏರ್ಪಾಟಿನ ಮೂಲಕ "ಇಗೋ ನಿನ್ನ ಐಪಿ, ಇವರು ನಿನ್ನ ಡಿಎನ್‌ಎಸ್" ಅಂತ ಹೇಳಿಕೊಡುತ್ತದೆ. ಮನೆಯಲ್ಲಿ ರೂಟರ್, ಆಫೀಸಿನಲ್ಲಿ ಕಂಪನಿಯ ಸರ್ವರ್, ಐಫೋನ್ ಹಾಟ್‌ಸ್ಪಾಟ್ ಆದರೆ 172.20.10.1. ಒಂದೇ ದಿನದಲ್ಲಿ ಲ್ಯಾಪ್‌ಟಾಪ್ ಮೂರು ಕಡೆ ಹೋದರೆ ಮೂರು ಬೇರೆ ಬೇರೆ ಡಿಎನ್‌ಎಸ್. ಸುಮ್ನೆ ಬಿಟ್ಟರೆ ತಾನಾಗಿಯೇ ಬದಲಾಗುತ್ತಾ ಹೋಗುತ್ತದೆ.

1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದಾಗ ಕಂಪ್ಯೂಟರ್ ಅಂದರೆ ಒಂದು ಕೋಣೆಯಲ್ಲಿ ಕೂತು ಅಲ್ಲಿಂದ ಕದಲದ ಯಂತ್ರ. ಯುನಿಕ್ಸ್‌ನಿಂದ ಲಿನಕ್ಸ್‌ಗೆ ಬಂದ ರಿಸಾಲ್ವ್-ಕಾನ್ಫ್ ಅನ್ನುವ ಪುಟ್ಟ ಫೈಲೂ ಅಂಥ ಯಂತ್ರಕ್ಕೆ ಹೊಂದುವ ಬಟ್ಟೆ. ಇಡೀ ಕಂಪ್ಯೂಟರಿಗೆ ಡಿಎನ್‌ಎಸ್ ಸರ್ವರ್‌ಗಳ ಒಂದೇ ಪಟ್ಟಿ. ಚೀಲದಲ್ಲಿ ಹೊತ್ತು ತಿರುಗುವ ಲ್ಯಾಪ್‌ಟಾಪಿಗೆ ಅದು ಸಾಲುವುದಿಲ್ಲ.

ಹಾಗಂತ ಜನ ಬಿಡುತ್ತಾರಾ? ಆ ಫೈಲನ್ನು ಕೈಯಾರೆ ತಿದ್ದುತ್ತಾರೆ. ಮುಂದಿನ ಸಲ ವೈಫೈ ಬದಲಾದಾಗ ಅದು ಮತ್ತೆ ಮೊದಲಿನಂತಾಗುತ್ತದೆ. ಸಿಟ್ಟು ಬಂದು, ಯಾರೂ ಮುಟ್ಟದ ಹಾಗೆ ಚ್ಯಾಟರ್ ಕಮಾಂಡ್ ಕೊಟ್ಟು ಬೀಗ ಹಾಕುತ್ತಾರೆ. ಉಬುಂಟು ಅನ್ನುವ ಲಿನಕ್ಸ್‌ನಲ್ಲಿ ಅದು ನಿಜವಾದ ಫೈಲೂ ಅಲ್ಲ, ಬೇರೆ ಕಡೆ ಇರುವ ಫೈಲಿಗೆ ಕೊಟ್ಟ ಲಿಂಕ್. ಅದಕ್ಕೆ ಬೀಗ ಹಾಕಲು ಬರುವುದಿಲ್ಲ. ಆಗ ಲಿಂಕ್ ಅಳಿಸಿ, ಹೊಸ ಫೈಲ್ ಮಾಡಿ, ಅದಕ್ಕೆ ಬೀಗ! ಇಷ್ಟೆಲ್ಲ ಮಾಡಿದವರಿಗೆ ಆರು ತಿಂಗಳ ನಂತರ ತಾವು ಮಾಡಿದ್ದು ನೆನಪಿರುವುದಿಲ್ಲ. ಎಲ್ಲ ಅಧಿಕಾರ ಇರುವ ರೂಟ್ ಬಳಕೆದಾರನಿಗೂ ಫೈಲ್ ಬರೆಯಲು ಆಗುತ್ತಿಲ್ಲ ಅಂದಾಗ ನಾನು ಮೊದಲು ಎಲ್‌ಎಸ್ಆಟರ್ ಕಮಾಂಡ್ ಕೊಟ್ಟು ಬೀಗದ ಗುರುತಾದ 'ಐ' ಅಕ್ಷರ ಇದೆಯಾ ನೋಡುತ್ತೇನೆ.

ಇನ್ನೊಂದು ನಂಬಿಕೆ ಇದಕ್ಕಿಂತ ಗಟ್ಟಿ. "ಎರಡನ್ನೂ ಹಾಕಿಬಿಡೋಣ ಸರ್, ಮೊದಲು ಗೂಗಲ್ ಡಿಎನ್‌ಎಸ್, ಅಲ್ಲಿ ಸಿಗದಿದ್ರೆ ಆಫೀಸಿನದ್ದು." ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಆ ಪಟ್ಟಿ ಹಾಗೆ ಕೆಲಸ ಮಾಡುವುದಿಲ್ಲ. ಎರಡನೇ ಸರ್ವರ್ ಇರುವುದು ಮೊದಲನೆಯದು ಕೈಕೊಟ್ಟಾಗ ಮಾತ್ರ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 5 ಸೆಕೆಂಡ್ ಕಾದು, ಮೊದಲನೆಯದು ಮಾತಾಡದೇ ಇದ್ದರೆ ಮುಂದಿನದನ್ನು ಕೇಳುತ್ತದೆ. "ಅಂಥ ಹೆಸರೇ ಇಲ್ಲ" ಅನ್ನುವುದೂ ಒಂದು ಪೂರ್ತಿ ಉತ್ತರವೇ. ನಿಮ್ಮ ಪೇರೋಲ್ ಸರ್ವರಿನ ಒಳಗಿನ ಹೆಸರು ಹೊರಗಿನ 8.8.8.8ಕ್ಕೆ ಗೊತ್ತಿಲ್ಲ. ಅದು ನಿಯತ್ತಾಗಿ ಇಲ್ಲ ಅನ್ನುತ್ತದೆ. ಕಂಪ್ಯೂಟರ್ ಅದನ್ನೇ ನಂಬಿ ಅಲ್ಲಿಗೆ ನಿಲ್ಲಿಸುತ್ತದೆ. ಆಫೀಸಿನ ಸರ್ವರನ್ನು ಯಾರೂ ಕೇಳುವುದೇ ಇಲ್ಲ. ಪಟ್ಟಿ ತಿರುಗಿಸಿ ಆಫೀಸಿನದ್ದನ್ನು ಮೇಲೆ ಹಾಕಿದರೆ ಮನೆಯಲ್ಲಿ ಇನ್ನೊಂದು ಕಥೆ: ಅದು ಅಲ್ಲಿಂದ ಸಿಗುವುದೇ ಇಲ್ಲ, ಪ್ರತಿ ಹೆಸರಿಗೂ ಆ 5 ಸೆಕೆಂಡ್ ಕಾಯುವಿಕೆ. "ನೆಟ್ ಸ್ಲೋ" ಅನ್ನುವ ದೂರು ಅಲ್ಲಿಂದ ಶುರು.

ಹಾಗಾದರೆ ಎಲ್ಲಿ ಹಾಕಬೇಕು? ಆಯಾ ನೆಟ್‌ವರ್ಕಿನ ಪ್ರೊಫೈಲಿನಲ್ಲಿ. ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಪ್ರತಿ ವೈಫೈಗೂ ಬೇರೆ ಬೇರೆ ಪ್ರೊಫೈಲ್ ಇಟ್ಟುಕೊಂಡಿರುತ್ತದೆ. ಮನೆಯ ವೈಫೈ ಹೆಸರಿನ ಪಕ್ಕದ ಚಕ್ರ ಒತ್ತಿ, ಐಪಿವಿ4 ಟ್ಯಾಬಿನಲ್ಲಿ ಡಿಎನ್‌ಎಸ್‌ನ 'ಆಟೋಮ್ಯಾಟಿಕ್' ಆಫ್ ಮಾಡಿ, ಬೇಕಾದ ವಿಳಾಸ ಹಾಕಿ. ಆಫೀಸಿಗೆ ಹೋದಾಗ ಅದು ಅಡ್ಡ ಬರುವುದಿಲ್ಲ. ವಿಂಡೋಸ್ 11ರಲ್ಲಿ ಎರಡು ಬಾಗಿಲು ಇವೆ. ವೈಫೈ ಹೆಸರಿನ ಪ್ರಾಪರ್ಟೀಸ್‌ನಲ್ಲಿ ಹಾಕಿದ್ದು ಆ ವೈಫೈಗೆ ಮಾತ್ರ. ಹಾರ್ಡ್‌ವೇರ್ ಪ್ರಾಪರ್ಟೀಸ್‌ನಲ್ಲಿ ಹಾಕಿದ್ದು ಎಲ್ಲ ವೈಫೈಗೂ. ಹಳೇ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹಾಕಿದ್ದೂ ಅಷ್ಟೇ, ಎಲ್ಲ ಕಡೆಗೂ. ಯೂಟ್ಯೂಬ್ ವಿಡಿಯೋಗಳು ಹೆಚ್ಚಾಗಿ ಆ ಕಂಟ್ರೋಲ್ ಪ್ಯಾನೆಲ್‌ಗೇ ಕರೆದೊಯ್ಯುತ್ತವೆ. ಮ್ಯಾಕ್‌ನಲ್ಲಿ ಒಂದು ಸಲ ಹಾಕಿದ್ದು ಇಡೀ ವೈಫೈಗೆ ಅನ್ವಯ. ಬೇರೆ ಬೇರೆ ಬೇಕಿದ್ದರೆ 'ಲೊಕೇಶನ್' ಮಾಡಿಕೊಳ್ಳಬೇಕು.

ಐಪಿವಿ4ಗೆ ಹಾಕಿ ಕೈತೊಳೆದುಕೊಳ್ಳಬೇಡಿ. ನಮ್ಮಲ್ಲಿ ಮೊಬೈಲ್ ನೆಟ್‌ವರ್ಕ್‌ಗಳೂ ಬಹಳಷ್ಟು ಮನೆ ಬ್ರಾಡ್‌ಬ್ಯಾಂಡ್‌ಗಳೂ ಈಗ ಐಪಿ ವಿಳಾಸದ ಹೊಸ ಆವೃತ್ತಿಯಾದ ಐಪಿವಿ6 ಕೊಡುತ್ತವೆ. ಅದರ ಜೊತೆ ರೂಟರ್ ತನ್ನದೇ ಡಿಎನ್‌ಎಸ್ ವಿಳಾಸವನ್ನೂ ಕಳಿಸುತ್ತದೆ. ಮಕ್ಕಳಿಗೆ ಬೇಡದ ಸೈಟ್ ಬರದಿರಲಿ ಅಂತ ಫಿಲ್ಟರ್ ಇರುವ ಡಿಎನ್‌ಎಸ್ ಹಾಕಿದವರು "ಒಮ್ಮೆ ಬರುತ್ತೆ, ಒಮ್ಮೆ ಬರಲ್ಲ" ಅಂದರೆ ನಾನು ಮೊದಲು ಅನುಮಾನಿಸುವುದು ಈ ಐಪಿವಿ6 ಹಿಂಬಾಗಿಲನ್ನು.

ವಿಪಿಎನ್, ಅಂದರೆ ಹೊರಗಿನಿಂದ ಆಫೀಸಿನ ನೆಟ್‌ವರ್ಕಿಗೆ ಹೋಗುವ ಸುರಕ್ಷಿತ ದಾರಿ, ಬಂದಾಗ ವಿಷಯ ನಿಜವಾಗಿ ರುಚಿಕಟ್ಟಾಗುತ್ತದೆ. ಈಗ ನೀವು ಒಂದೇ ಹೊತ್ತಿನಲ್ಲಿ ಎರಡು ನೆಟ್‌ವರ್ಕಿನಲ್ಲಿದ್ದೀರಿ. ಆಫೀಸಿನ ಹೆಸರುಗಳನ್ನು ಆಫೀಸಿನ ಸರ್ವರಿಗೆ ಕೇಳಬೇಕು, ಕ್ರಿಕೆಟ್ ಸ್ಕೋರ್ ಮನೆಯ ರೂಟರ್ ಕಡೆ ಹೋದರೆ ಸಾಕು. ಒಂದೇ ಪಟ್ಟಿಯ ಹಳೇ ಫೈಲಿಗೆ ಇದು ಆಗದ ಕೆಲಸ. ಲಿನಕ್ಸ್‌ನ ಸಿಸ್ಟಮ್‌ಡಿ-ರಿಸಾಲ್ವ್‌ಡಿ ಅನ್ನುವ ಸೇವೆಗೆ ಆಗುತ್ತದೆ. ಉಬುಂಟುವಿನಲ್ಲಿ, 2020ರ ಫೆಡೋರಾ 33ರಿಂದ ಫೆಡೋರಾದಲ್ಲೂ ಅದೇ ಇದೆ. ರಿಸಾಲ್ವ್-ಕಾನ್ಫ್ ಫೈಲಿನಲ್ಲಿ 127.0.0.53 ಕಂಡು ಹೆದರಿ ಅಳಿಸಬೇಡಿ. ಅದು ನಿಮ್ಮದೇ ಯಂತ್ರದೊಳಗಿನ ಮಧ್ಯವರ್ತಿ. ಯಾವ ಪ್ರಶ್ನೆಯನ್ನು ಯಾವ ಕಡೆ ಕಳಿಸಬೇಕು ಅಂತ ಅದು ನೋಡಿಕೊಳ್ಳುತ್ತದೆ. ವಿಪಿಎನ್ ಪ್ರೊಫೈಲಿನ ಸರ್ಚ್ ಡೊಮೇನ್ ಜಾಗದಲ್ಲಿ ಕಂಪನಿಯ ಡೊಮೇನ್ ಹೆಸರಿನ ಮುಂದೆ ಒಂದು ~ ಗುರುತು ಹಾಕಿ. ಆ ಡೊಮೇನಿನ ಹೆಸರುಗಳು ವಿಪಿಎನ್ ಒಳಗೆ ಹೋಗುತ್ತವೆ. 'ರಿಸಾಲ್ವ್‌ಸಿಟಿಎಲ್ ಸ್ಟೇಟಸ್' ಕೊಟ್ಟರೆ ಯಾವ ನೆಟ್‌ವರ್ಕ್ ಕಾರ್ಡಿಗೆ ಯಾವ ಸರ್ವರ್, ಯಾವ ಡೊಮೇನ್ ಅಂತ ಬಿಡಿಬಿಡಿಯಾಗಿ ಕಾಣುತ್ತದೆ. ನನಗೆ ಫೋನ್ ಮಾಡುವ ಮೊದಲು ಇದರ ಸ್ಕ್ರೀನ್‌ಶಾಟ್ ಕಳಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ಎಲ್ಲ ಸರಿ ಇದ್ದೂ ಬ್ರೌಸರಿನಲ್ಲಿ ಮಾತ್ರ ಆಫೀಸ್ ಸೈಟ್ ಬರುತ್ತಿಲ್ಲವೇ? ಟರ್ಮಿನಲ್‌ನಲ್ಲಿ ಪಿಂಗ್ ಆಗುತ್ತಿದೆಯೇ? ಹಾಗಿದ್ದರೆ ಬ್ರೌಸರಿನ ಸ್ವಂತ ಡಿಎನ್‌ಎಸ್ ನೋಡಿ. ಫೈರ್‌ಫಾಕ್ಸ್‌ನಲ್ಲಿ 'ಮ್ಯಾಕ್ಸ್ ಪ್ರೊಟೆಕ್ಷನ್' ಆರಿಸಿದ್ದರೆ ಅದು ನಿಮ್ಮ ಕಂಪ್ಯೂಟರಿನ ಸೆಟ್ಟಿಂಗನ್ನು ಕೇಳುವುದೇ ಇಲ್ಲ, ನೇರ ಹೊರಗೆ ಹೋಗುತ್ತದೆ. ಕ್ರೋಮ್‌ನಲ್ಲಿ ಇದೇ ಜಾಗಕ್ಕೆ 'ಸೆಕ್ಯೂರ್ ಡಿಎನ್‌ಎಸ್' ಅಂತ ಹೆಸರು.

ಹೋಟೆಲ್, ವಿಮಾನ ನಿಲ್ದಾಣ, ರೈಲ್ವೆ ಸ್ಟೇಷನ್ ವೈಫೈಗಳಲ್ಲಿ ಕೈಯಿಂದ ಹಾಕಿದ ಡಿಎನ್‌ಎಸ್ ಇನ್ನೊಂದು ರೀತಿ ಕಾಡುತ್ತದೆ. ಓಟಿಪಿ ಕೇಳುವ ಲಾಗಿನ್ ಪೇಜ್ ಬರುವುದೇ ಇಲ್ಲ. ಎಷ್ಟೋ ಕಡೆ ಲಾಗಿನ್ ಆಗುವ ತನಕ ಅವರದೇ ಡಿಎನ್‌ಎಸ್ ಬಿಟ್ಟು ಬೇರೆ ಯಾವುದಕ್ಕೂ ದಾರಿ ಇರುವುದಿಲ್ಲ. ಆಟೋಮ್ಯಾಟಿಕ್‌ಗೆ ಮರಳಿ. ಆಮೇಲೂ ಪೇಜ್ ಬರದಿದ್ದರೆ ಬೀಗದ ಗುರುತಿಲ್ಲದ, ಸಾದಾ ಎಚ್‌ಟಿಟಿಪಿ ಸೈಟ್ ಒಂದನ್ನು ತೆರೆಯಿರಿ. ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಇರುವುದೇ ಇದಕ್ಕಾಗಿ.

ಸೆಟ್ಟಿಂಗ್ ತಿದ್ದಿದ ಮೇಲೂ ಕೆಲವರಿಗೆ ಹಳೇ ತೊಂದರೆಯೇ ಮುಂದುವರಿಯುತ್ತದೆ. "ಅಂಥ ಹೆಸರಿಲ್ಲ" ಅನ್ನುವ ಉತ್ತರವನ್ನೂ ಕಂಪ್ಯೂಟರ್ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ವಿಂಡೋಸ್‌ನಲ್ಲಿ 'ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್', ಲಿನಕ್ಸ್‌ನಲ್ಲಿ 'ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್' ಕೊಡಿ. ಬ್ರೌಸರ್ ತನ್ನದೇ ನೆನಪು ಬೇರೆ ಇಟ್ಟುಕೊಂಡಿರುತ್ತದೆ, ಅದನ್ನೂ ಪೂರ್ತಿ ಮುಚ್ಚಿ ತೆರೆಯಿರಿ. "ರೀಸ್ಟಾರ್ಟ್ ಮಾಡಿದೆ ಸರ್, ಸರಿಹೋಯ್ತು" ಅನ್ನುವವರಿಗೆ ಎಷ್ಟೋ ಸಲ ಆಗಿರುವುದು ಇಷ್ಟೇ.